ಮುಂದಿನ ಸಾಲಿನಲ್ಲಿ ಬೀರಪ್ಪಣ್ಣ

ಜಮಖಂಡಿ

ಹದಿನೆಂಟು ವರ್ಷಗಳಿಂದ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಗ್ರೀಕ್ ದುರಂತ ನಾಟಕ ಕಲಿಸುತ್ತಿದ್ದೇನೆ. ಕಲಿಸುತ್ತೇನೆ ಅನ್ನುವುದು ದೊಡ್ಡ ಮಾತಾಯಿತು, ಬರೆಸುತ್ತೇನೆ. ನನ್ನ ಗುರುಗಳು ನನಗೆ ಬರೆಸಿದ ನೋಟ್ಸು ಅದು, ಅವರಿಗೆ ಅವರ ಗುರುಗಳು ಬರೆಸಿದ್ದು. ದುರಂತ ನಾಟಕವು ನೋಡುಗರಲ್ಲಿ ಭಯ ಮತ್ತು ಕರುಣೆಯನ್ನು ಹುಟ್ಟಿಸಿ ಮನಸ್ಸನ್ನು ಹಗುರಗೊಳಿಸುತ್ತದೆ ಎಂದು ವರ್ಷಕ್ಕೊಮ್ಮೆ ಅಲ್ಪವಿರಾಮ, ಪೂರ್ಣವಿರಾಮ ಸಮೇತ ಬರೆಸಿ, ಗಂಟೆ ಹೊಡೆದ ಕೂಡಲೇ ಸಂತೆಗೆ ಹೋಗಿ ಬದನೆಕಾಯಿ ಆರಿಸುತ್ತಿದ್ದೆ. ನಾಟಕ ನೋಡಿ ನಾನು ಒಮ್ಮೆಯೂ ಅತ್ತವಳಲ್ಲ. ಗ್ರೀಕ್ ನಾಟಕವನ್ನಂತೂ ನೋಡಿದವಳೇ ಅಲ್ಲ.

ಇಂಥ ನನಗೆ ಗ್ರೀಸ್ ದೇಶದ ಕಡಲ ದಂಡೆಯ ಸಣ್ಣ ಊರಿನಿಂದ ಒಂದು ಕರೆ ಬಂತು. ಹಳೆಯ ದುರಂತ ನಾಟಕದಿಂದ ಹಿಡಿದು ಹೊಸ ನಾಟಕದವರೆಗೆ ಓದಿ ಚರ್ಚಿಸುವ ಬೇಸಿಗೆ ಶಿಬಿರವಂತೆ. ಒಂದೊಂದು ಕಡೆಯಿಂದ ಇಬ್ಬರು ಬರಬೇಕು: ನಾಟಕ ಓದುವವರು ಒಬ್ಬರು, ರಂಗದ ಮೇಲೆ ದುಡಿಯುವವರು ಒಬ್ಬರು. ಓದುವವಳು ನಾನು. ದುಡಿಯುವವರು ಯಾರು ಎಂಬ ಪ್ರಶ್ನೆಯನ್ನು ಬೀಳಗಿ ತಾಲೂಕಿನ ಒಂದು ಊರಿನ ನಾಟ್ಯ ಸಂಘದ ಮುಂದೆ ಇಟ್ಟೆ. ಪ್ರತಿವರ್ಷ ಆ ಸಂಘದ ನಾಟಕಕ್ಕೆ ನಾನು ಅತಿಥಿಯಾಗಿ ಹೋಗಿ, ಭಾಷಣ ಮಾಡಿ, ನಾಟಕ ಸುರುವಾಗುವ ಮೊದಲೇ ಎದ್ದು ಬರುತ್ತಿದ್ದೆ.

ರಾಜನ ಪಾತ್ರದವನು ನಾನೇ ಹೋಗುತ್ತೇನೆ ಅಂದ. ಖಳನಾಯಕ ಅಂದ. ಸಂಘದ ಅಧ್ಯಕ್ಷರೂ ಅಂದರು. ಆದರೆ ಅವರಲ್ಲಿ ಯಾರ ಬಳಿಯೂ ಪಾಸ್‌ಪೋರ್ಟ್ ಇರಲಿಲ್ಲ. ಹಿಂದೊಮ್ಮೆ ದುಬೈಗೆ ನಾಟಕ ಒಯ್ಯುವ ಮಾತು ಎದ್ದಾಗ ಎಲ್ಲರೂ ಅರ್ಜಿ ಹಾಕಿದ್ದರು, ಹಾಕುವಾಗ ಅಭ್ಯಾಸಬಲದಿಂದ ಹಳೆಯ ಊರಿನ ವಿಳಾಸ ಬರೆದಿದ್ದರು. ಹಳೆಯ ಊರು ಅಷ್ಟೊತ್ತಿಗೆ ಆಲಮಟ್ಟಿಯ ಹಿನ್ನೀರಿನ ಒಳಗಿತ್ತು. ವಿಚಾರಣೆಗೆ ಬಂದ ಪೊಲೀಸಪ್ಪ ದಂಡೆಯ ಮೇಲೆ ನಿಂತು ನೋಡಿ, 'ವಿಳಾಸದಲ್ಲಿ ನೀರಿದೆ, ಅರ್ಜಿದಾರರು ಇಲ್ಲ' ಎಂದು ಬರೆದು ಹೋದನಂತೆ. ಹೊಸ ಪ್ಲಾಟಿನ ನಂಬರು ಬರೆದವರು ಬೀರಪ್ಪನವರು ಒಬ್ಬರೇ. ಬರೆದದ್ದನ್ನು ಮತ್ತೊಮ್ಮೆ ಓದಿ ನೋಡುವ ರೂಢಿ ಆ ಸಂಘದಲ್ಲಿ ಅವರೊಬ್ಬರಿಗೇ ಇತ್ತು.

ಬೀರಪ್ಪನವರು ಪಾತ್ರಧಾರಿಯಲ್ಲ. ಪರದೆಯ ಪಕ್ಕ ನಿಂತು ಮಾತು ಕೊಡುವವರು. ನಮ್ಮ ಕಡೆ ಹಳ್ಳಿಯ ನಾಟಕದಲ್ಲಿ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲ. ಪಕ್ಕದಲ್ಲಿ ನಿಂತವ ಒಂದು ಉಸಿರು ಮೊದಲು ಓದುತ್ತಾನೆ, ರಾಜ ಅದನ್ನೇ ಮೀಸೆ ತಿರುವಿ ಹೇಳುತ್ತಾನೆ. ಚಪ್ಪಾಳೆ ರಾಜನಿಗೆ, ಕೆಮ್ಮು ಬೀರಪ್ಪನವರಿಗೆ.

"ನಲವತ್ತ ವರ್ಷ ಆತ್ರಿ ಬಾಯಾರ," ಅಂದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಬಾಯಾರೇ. "ಒಂದೂ ನಾಟಕ ಮುಂದ ಕೂತು ನೋಡಿಲ್ಲ. ಸೈಡಿಗಿ ನಿಂತವನಿಗಿ ರಾಜಾಂದು ಒಂದ ಕಿವಿ ಕಾಣತೈತಿ, ರಾಣೀದು ಒಂದ ಜಡಿ."

ಅವರ ಹೆಂಡತಿ ಮಾಳವ್ವ ಮಾತ್ರ ಪ್ರತಿ ನಾಟಕಕ್ಕೂ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂಡುವವರು. ನಾಟಕ ಮುಗಿಸಿ ಮನೆಗೆ ಬಂದಮೇಲೆ ಹೆಂಗ ಕಾಣತಿತ್ತು ಎಂದು ಗಂಡನಿಗೆ ಹೇಳುವುದು ಅವರ ಕೆಲಸ. ಮಾತೆಲ್ಲ ಗಂಡನಿಗೆ ಗೊತ್ತು, ನೋಟವೆಲ್ಲ ಹೆಂಡತಿಗೆ ಗೊತ್ತು. ಸಂಸಾರ ಹೀಗೂ ನಡೆಯುತ್ತದೆ.

"ಇಷ್ಟ ವರ್ಷ ನಾ ನೋಡಿ ಹೇಳೇನ್ರಿ ಇವಗ," ಅಂದರು ಮಾಳವ್ವ. "ಈ ಸಲ ಇಂವಾ ನೋಡಿಬಂದು ನನಗ ಹೇಳಲಿ. ಮುಂದ ಕುಂದ್ರಸ್ರಿ. ಸೈಡಿಗಿ ಹೋಗಗೊಡಬ್ಯಾಡ್ರಿ. ಬಾಯಿ ತಗೀಗೊಡಬ್ಯಾಡ್ರಿ."

"ನಾ ಇದ್ದೀನಲ್ಲ, ನೀವು ಕಾಳಜಿ ಬಿಡ್ರಿ," ಅಂದೆ. ಮಾತು ಕೊಡುವುದು ನನಗೂ ಸಲೀಸು.

ಮುಂಬೈ

ವಿಮಾನ ನಿಲ್ದಾಣದಲ್ಲಿ ಬೀರಪ್ಪನವರ ಚೀಲದಿಂದ ಹಳದಿ ಪುಡಿಯ ಒಂದು ಪೊಟ್ಟಣ ಹೊರಬಂತು. ಅಧಿಕಾರಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು, ಇದೇನು ಎಂದು ಹಿಂದಿಯಲ್ಲಿ ಕೇಳಿದ. ದೇವರ ಭಂಡಾರ, ಅರಿಶಿಣ ಪುಡಿ, ನಾಟಕ ಸುರುವಾಗುವ ಮೊದಲು ಹಣೆಗೆ ಹಚ್ಚುತ್ತಾರೆ ಎಂದು ನಾನು ಮೂರು ಭಾಷೆಯಲ್ಲಿ ತಿಳಿಸಿ ಹೇಳಿದೆ. ಅವನಿಗೆ ಮೂರರಲ್ಲೂ ಸಂಶಯ ಬಂತು. ಅಷ್ಟರಲ್ಲಿ ಬೀರಪ್ಪನವರು ಚಿಟಿಕೆ ಪುಡಿ ತೆಗೆದು ಅವನ ಹಣೆಗೇ ಹಚ್ಚಿ, "ಛಲೋ ಆಗಲೆಪಾ" ಅಂದುಬಿಟ್ಟರು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಅವನಿಗೆ ಕೈ ಮುಗಿದಳು. ಆಮೇಲೆ ಅವನು ನಮ್ಮ ಕಟಕ ರೊಟ್ಟಿಯ ಗಂಟನ್ನು ಬಿಚ್ಚಿಸಲಿಲ್ಲ.

ವಿಮಾನದಲ್ಲಿ ಎಲ್ಲರೂ ಸಿನಿಮಾ ನೋಡುವಾಗ ಬೀರಪ್ಪನವರು ಇನ್ನೂರು ಪುಟದ ತಮ್ಮ ನೋಟುಬುಕ್ಕು ತೆಗೆದರು. ಶಿಬಿರದಲ್ಲಿ ಆಡಲಿದ್ದ ನಾಟಕವನ್ನು ಅವರವರ ಭಾಷೆಯಲ್ಲಿ ಮೊದಲೇ ಓದಿಕೊಂಡು ಬರಬೇಕೆಂಬ ನಿಯಮವಿತ್ತು. ಅದು ಬರೆದವರ ಹೆಸರೇ ತಿಳಿಯದ, ಅರ್ಧ ಮಾತ್ರ ಉಳಿದ ಹಳೆಯ ದುರಂತ. ಉಳಿದರ್ಧವನ್ನು ಶಿಬಿರದವರೇ ಹೊಸದಾಗಿ ಬರೆದು ಕೂಡಿಸಿದ್ದರು. ಕಥೆ ಸಣ್ಣದು. ಯುದ್ಧದ ಕಾಲದಲ್ಲಿ ಒಬ್ಬ ರಾಜ, ಯಾರೇ ಬಂದರೂ ಕೋಟೆಯ ಬಾಗಿಲು ತೆಗೆಯಬಾರದೆಂದು ಆಜ್ಞೆ ಮಾಡುತ್ತಾನೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ. ಶತ್ರುವಿನ ಹೂಟವೆಂದು ತೆಗೆಯುವುದಿಲ್ಲ. ಮುಂಜಾನೆ ತೆಗೆದು ನೋಡಿದರೆ ಹೊಸ್ತಿಲ ಮೇಲೆ ಅವನ ಮಗ ಸತ್ತು ಬಿದ್ದಿರುತ್ತಾನೆ.

ಇದನ್ನು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದೆ. ಕಡೆಯ ದೃಶ್ಯದಲ್ಲಿ ರಾಜ, "ಹಾ! ಆ ಕವಾಟತಾಡನಗೈದವನು ಮದೀಯ ಪುತ್ರನೇ ಆಗಿದ್ದನು!" ಅನ್ನುವಂತೆ ಬರೆದು, ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ. ಬೀರಪ್ಪನವರ ನೋಟುಬುಕ್ಕಿನಲ್ಲಿ ಇಣುಕಿ ನೋಡಿದರೆ ಅಲ್ಲಿ ಹೀಗಿತ್ತು: "ಬಾಗಲಾ ಬಡದಾಂವ ನನ್ನ ಮಗಾ ಇದ್ದ."

"ಇದೇನು ಬೀರಪ್ಪಣ್ಣಾ, ನಾ ಬರೆದದ್ದು ಎಲ್ಲಿ ಹೋತು?"

"ನಿಮ್ಮದು ಭಾಳ ಛಲೋ ಐತ್ರಿ ಬಾಯಾರ," ಅಂದರು ವಿನಯದಿಂದ. "ಆದ್ರ ಅಷ್ಟ ಹೇಳಿ ಮುಗಿಸೂದ್ರಾಗ ರಾಜಾಗ ದುಃಖ ಆರತೈತಿ."

ಅಥೆನ್ಸ್

ಅಥೆನ್ಸಿನಲ್ಲಿ ಒಂದು ಹಗಲು ಸಿಕ್ಕಿತು. ಮೊದಲು ಕಣ್ಣಿಗೆ ಬಿದ್ದವು ನಾಯಿಗಳು. ಗುಡಿಯ ಮೆಟ್ಟಿಲ ಮೇಲೆ, ಅಂಗಡಿಯ ಬಾಗಿಲಲ್ಲಿ, ಎಲ್ಲೆಂದರಲ್ಲಿ ಊಟವಾದ ಮೇಲಿನ ಸಾಹುಕಾರರ ಹಾಗೆ ಮಲಗಿದ್ದವು. ಮುಧೋಳದ ಒಣಕಲು ಬೇಟೆನಾಯಿಗಳನ್ನು ನೋಡಿ ಬೆಳೆದ ಬೀರಪ್ಪನವರಿಗೆ ಇದು ಸೇರಲಿಲ್ಲ. "ನಮ್ಮ ಮುಧೋಳದ ನಾಯಿಗಿ ಹೊಟ್ಟೀನ ಇಲ್ಲ, ಇವಕ್ಕ ಹೊಟ್ಟಿ ಬಿಟ್ಟ ಏನಿಲ್ಲ," ಅಂದರು. ಅವುಗಳಲ್ಲಿ ಒಂದು ಎದ್ದು ಬಂದು ಅವರ ಹೆಗಲ ಮೇಲಿನ ಕಂಬಳಿಯನ್ನು ಮೂಸಿ, ಕುರಿಯ ವಾಸನೆ ಹಿಡಿದು, ದಿನವಿಡೀ ನಮ್ಮ ಹಿಂದೆಯೇ ತಿರುಗಿತು.

ಬೆಟ್ಟದ ಮೇಲಿನ ಕಂಬಗಳನ್ನು ನೋಡಿ ನಾನು ನಾಗರಿಕತೆ, ಸೌಂದರ್ಯ ಎಂದೆಲ್ಲ ಹೇಳತೊಡಗಿದೆ. ಬೀರಪ್ಪನವರು ಎಲ್ಲ ಕೇಳಿ, "ಇವ್ರು ಮಣ್ಣಾಗ ಹೋದದ್ದನ್ನೂ ಅಗದು ಹೊರಗ ತಗದಾರ. ನಮ್ಮ ನಾಟಕದ ಕಟ್ಟಿ ನೀರಾಗ ಹೋತು. ಬ್ಯಾಸಿಗ್ಯಾಗ ನೀರ ಇಳದಾಗ ಒಂದ ಮೂಲಿ ಕಾಣತೈತ್ರಿ," ಅಂದರು. ಹೊಸ ಊರಿನಲ್ಲಿ ಗುಡಿ, ಸಾಲೆ, ಬಸ್ ನಿಲ್ದಾಣ ಎಲ್ಲ ಕೊಟ್ಟರು. ನಾಟಕದ ಕಟ್ಟೆಯನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಈಗ ಗೋದಾಮಿನ ಮುಂದೆ ಹಲಗೆ ಹಾಕಿ ಆಡುತ್ತಾರೆ. ಇದನ್ನು ನಾನು ಪ್ರತಿವರ್ಷ ಅತಿಥಿಯಾಗಿ ನೋಡಿದ್ದೆ, ನೋಡಿ ಏನೂ ಅಂದುಕೊಂಡಿರಲಿಲ್ಲ.

ಕಡಲ ದಂಡೆಯ ಊರು, ಮೂರನೆಯ ದಿನ

ರಂಗಮಂದಿರವೆಂದರೆ ಗುಡ್ಡದ ಹೊಟ್ಟೆಯನ್ನು ಬಗೆದು ಮಾಡಿದ ಕಲ್ಲಿನ ಮೆಟ್ಟಿಲುಗಳು, ಕೆಳಗೆ ದುಂಡಗೆ ಮಣ್ಣಿನ ಅಂಗಳ, ಅದರಾಚೆ ನಾಲ್ಕು ಕಂಬ, ಅದರಾಚೆ ಸಮುದ್ರ. ಅಂಗಳದಲ್ಲಿ ಕಡ್ಡಿ ಗೀರಿದರೆ ತುದಿಯ ಮೆಟ್ಟಿಲಿಗೆ ಕೇಳುತ್ತದೆ. ಶಿಬಿರದ ಹಿರಿಯಳಾದ ಎಲೆನಿ ಎಂಬ ಪ್ರೊಫೆಸರು ಗೀರಿ ತೋರಿಸಿದಳು. ಬೀರಪ್ಪನವರು ಕೆಳಗಿನ ಸಾಲಿನಲ್ಲಿ ಕುಳಿತು, "ಬಾಯಾರ, ಚಾ ಯಾವಾಗ ಕೊಡತಾರ್ರಿ?" ಎಂದು ಪಿಸುಗುಟ್ಟಿದರು. ತುದಿಯಲ್ಲಿ ನಿಂತಿದ್ದ ನನಗೆ ಕಿವಿಯಲ್ಲೇ ಹೇಳಿದಂತೆ ಕೇಳಿತು. ಆಗಲೇ ನಾನು ಹುಷಾರಾಗಬೇಕಿತ್ತು.

ಬೆಳಗ್ಗೆ ಓದು, ಮಧ್ಯಾಹ್ನ ಚರ್ಚೆ. ಈ ಜನ ಚರ್ಚೆಗೆ ಕುಳಿತರೆ ಊಟ ಮರೆಯುತ್ತಾರೆ, ಊಟಕ್ಕೆ ಕುಳಿತರೆ ಚರ್ಚೆ ಮರೆಯುವುದಿಲ್ಲ. ರಬಕವಿಯ ಒಂದು ಸೀರೆಯನ್ನು ನಾನು ಎಲೆನಿಗೆ ಕಾಣಿಕೆ ಕೊಟ್ಟಿದ್ದೆ. ಮರುದಿನ ಅದನ್ನು ಊಟದ ಮೇಜಿಗೆ ಹಾಸಿದ್ದಳು, ಸೆರಗಿನ ಮೇಲೆ ಎಣ್ಣೆಯ ಬಟ್ಟಲು. ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ.

ಆ ದಿನದ ಪ್ರಶ್ನೆ, ನಾಟಕದಲ್ಲಿ ಬಾಗಿಲು ಯಾವುದರ ಸಂಕೇತ ಎಂದು. ಒಬ್ಬರು ಅಧಿಕಾರದ್ದು ಅಂದರು. ಒಬ್ಬರು ಮನುಷ್ಯನ ಒಂಟಿತನದ್ದು ಅಂದರು. ನಾನು ಆಧುನಿಕ ನಾಟಕದ ಮೇಲಿನ ನೋಟ್ಸಿನಿಂದ ಅರ್ಧ ಪುಟ ಒಪ್ಪಿಸಿದೆ. ಎಲೆನಿ ಬೀರಪ್ಪನವರತ್ತ ತಿರುಗಿದಳು.

"ಬಾಗಲಾ ಹಾಕಿದ್ರ ಹಿಂದಿನ ಊರು ಮುಳಗತೈತ್ರಿ," ಅಂದರು ಬೀರಪ್ಪನವರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಸಭೆ ನಿಟ್ಟುಸಿರು ಬಿಟ್ಟಿತು. ಎಂಥ ಪ್ರತಿಮೆ ಎಂದು ಎಲ್ಲರೂ ಬರೆದುಕೊಂಡರು. ಅದು ಪ್ರತಿಮೆಯಲ್ಲ, ಆಲಮಟ್ಟಿಯ ಗೇಟು ಎಂದು ನಾನು ಬಿಡಿಸಿ ಹೇಳಬೇಕಿತ್ತು. ನಮ್ಮ ಕಡೆಯವರಿಗೆ ಅಷ್ಟು ಹೆಸರು ಬಂದದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಆರನೆಯ ದಿನ, ಸಂಜೆ

ಇಲ್ಲಿ ಬೇಸಿಗೆಯ ಸಂಜೆ ಮುಗಿಯುವುದೇ ಇಲ್ಲ. ನಮ್ಮಲ್ಲಿ ಊಟ ಮುಗಿದು ತಬಲಾ ಬಿಗಿಯುವ ಹೊತ್ತಿಗೆ ಇಲ್ಲಿ ಇನ್ನೂ ಬಿಸಿಲು. ಆ ಬಿಸಿಲಲ್ಲೇ ನಾಟಕ.

ಬೀರಪ್ಪನವರು ಹೊಸ ಧೋತರ ಉಟ್ಟು, ತಲೆಗೆ ಬಿಳಿಯ ಪಟಗಾ ಸುತ್ತಿ, ಮುಂದಿನ ಸಾಲಿನ ಕಾದ ಕಲ್ಲಿನ ಮೇಲೆ ಕಂಬಳಿ ಹಾಸಿ ಕುಳಿತರು. ನನಗೂ ಅರ್ಧ ಹಾಸಿದರು. ಪಟಗಾದಿಂದ ತನಗೆ ಏನೂ ಕಾಣುವುದಿಲ್ಲವೆಂದು ಹಿಂದಿನವನೊಬ್ಬ ಗೊಣಗಿದ. ಜಾಗ ಬದಲಿಸಿದವನು ಅವನೇ. ಬೀರಪ್ಪನವರ ತೊಡೆಯ ಮೇಲೆ ನೋಟುಬುಕ್ಕು ಇತ್ತು.

"ಇದ್ಯಾಕ ಬೀರಪ್ಪಣ್ಣಾ? ನೋಡ್ಲಿಕ್ಕೆ ಬಂದೀರಿ, ನೋಡ್ರಿ."

"ಕೈ ಖಾಲಿ ಇದ್ರ ಸಮಾಧಾನ ಇಲ್ಲರಿ."

ನಾಟಕ ಸುರುವಾಯಿತು. ಭಾಷೆ ಗ್ರೀಕ್, ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ಕರಪತ್ರ ನೋಡಿ ಯಾವ ದೃಶ್ಯ ಎಂದು ಹುಡುಕುತ್ತಿದ್ದೆ. ಬೀರಪ್ಪನವರಿಗೂ ತಿಳಿಯುತ್ತಿರಲಿಲ್ಲ, ಆದರೆ ಅವರ ಬೆರಳು ನೋಟುಬುಕ್ಕಿನ ಸಾಲಿನ ಮೇಲೆ ಸರಿಯುತ್ತಿತ್ತು, ಪುಟ ಸರಿಯಾದ ಹೊತ್ತಿಗೆ ತಿರುಗುತ್ತಿತ್ತು. ಬಾಯಿ ತೆರೆಯಲಿಲ್ಲ. ಮುಖ ಮಾತ್ರ ಅಗಲವಾಗಿತ್ತು. ರಾಜನ ಎರಡೂ ಕಿವಿಗಳನ್ನು ಅವರು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದರು.

ಕಡೆಯ ದೃಶ್ಯ ಬಂತು. ರಾಜನ ಪಾತ್ರದ ನಿಕೋಸ್ ಎಂಬ ಯುವಕ ಅಂಗಳದ ನಡುವೆ ಬಂದು, ಮಗನ ಹೆಣದ ಮುಂದೆ ನಿಂತ. ಮಾತಾಡಲಿಲ್ಲ. ಇನ್ನೂ ಮಾತಾಡಲಿಲ್ಲ. ಸಮುದ್ರದ ಸಪ್ಪಳ ಕೇಳತೊಡಗಿತು. ಎಂಥ ಮೌನ ಎಂದು ನಾನು ಪೆನ್ನು ತೆಗೆದೆ. ಪಕ್ಕದಲ್ಲಿ ಬೀರಪ್ಪನವರು ಹೊಯ್ದಾಡತೊಡಗಿದ್ದರು. ನಾನು ಅವರ ಕೈ ಹಿಡಿಯುವಷ್ಟರಲ್ಲಿ ಅವರ ದನಿ ಹೊರಬಿತ್ತು.

"ಬಾಗಲಾ ಬಡದಾಂವ ನನ್ನ ಮಗಾ ಇದ್ದ."

ಪಿಸುಮಾತೇ. ಆದರೆ ಆ ಕಲ್ಲುಗಳು ಅದನ್ನು ಎತ್ತಿಕೊಂಡು ತುದಿಯ ಮೆಟ್ಟಿಲಿನವರೆಗೂ ಒಯ್ದವು. ಸಾವಿರ ತಲೆಗಳು ನಮ್ಮತ್ತ ತಿರುಗಿದವು. ನಿಕೋಸ್ ಒಂದು ಗಳಿಗೆ ಕಣ್ಣೆತ್ತಿ ನೋಡಿ, ತನ್ನ ಮಾತು ಹೇಳಿದ. ಅಷ್ಟರಲ್ಲಿ ಕಾವಲಿನ ಇಬ್ಬರು ಬಂದು ಬೀರಪ್ಪನವರ ತೋಳು ಹಿಡಿದು ಹೊರಗೆ ಕರೆದೊಯ್ದರು. ಅವರು ಹೋಗುತ್ತ ತಿರುಗಿ ತಿರುಗಿ ಅಂಗಳವನ್ನೇ ನೋಡುತ್ತಿದ್ದರು. ಮುಂದಿನದು ಅವರಿಗೆ ಸಿಗಲಿಲ್ಲ.

ನಾನು ಏಳಲಿಲ್ಲ. ಅಷ್ಟೇ ಅಲ್ಲ, ಕಂಬಳಿಯಿಂದ ಒಂದು ಗೇಣು ಆಚೆ ಸರಿದು ಕುಳಿತೆ, ಇವರು ಯಾರೋ ನಾನು ಯಾರೋ ಅನ್ನುವ ಹಾಗೆ. ಮಾಳವ್ವನಿಗೆ ಕೊಟ್ಟ ಮಾತು ಆ ಒಂದು ಗೇಣಿನಲ್ಲಿ ಹೋಯಿತು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಏಳನೆಯ ದಿನ, ಬೆಳಗ್ಗೆ

ಚರ್ಚೆಯೆಲ್ಲ ಆ ಮೌನದ ಮೇಲೆಯೇ. ಹಳೆಯ ದುರಂತ ಹೊಸ ನಾಟಕವಾಗುವುದು ಆ ಮೌನದಲ್ಲೇ ಎಂದು ಒಬ್ಬರು ಹೇಳಿದರು. ಮಾತು ಸತ್ತ ಮೇಲೆ ಉಳಿಯುವ ಶತಮಾನದ ದನಿ ಅದು ಎಂದು ಇನ್ನೊಬ್ಬರು. ನಾನು ಬೆಳಗಿನ ಜಾವ ಎದ್ದು ಮೂರು ಪುಟ ಬರೆದಿದ್ದೆ, ಓದಿದೆ. ಆ ಪವಿತ್ರ ಮೌನವನ್ನು ಅತಿಥಿಯೊಬ್ಬರು ಕೆಡಿಸಿದ್ದಕ್ಕೆ ಎಲೆನಿ ವಿಷಾದ ಸೂಚಿಸಿದಳು.

"ಏನಂತಾರ್ರಿ?" ಎಂದು ಬೀರಪ್ಪನವರು ಕೇಳಿದರು.

"ನಾಟಕ ಛಲೋ ಆತು ಅಂತಾರ," ಅಂದೆ.

"ಹುಡುಗ ಮಾತ್ರ ಮರ್ತಿದ್ದ ನೋಡ್ರಿ."

"ಮರ್ತಿಲ್ಲ ಬೀರಪ್ಪಣ್ಣಾ. ಅದು ಬೇಕಂತ ಮಾಡಿದ ಮೌನ. ಅದಕ್ಕ ಭಾಳ ಅರ್ಥ ಅದ."

"ಬೇಕಂತ ಸುಮ್ಮ ನಿಂತಾಂವ ಉಸರಾಡತಾನ್ರಿ ಬಾಯಾರ. ಮರ್ತಾಂವ ಉಸರು ಹಿಡೀತಾನ. ಆ ಹುಡುಗ ಉಸರು ಹಿಡದಿದ್ದ."

ಅರ್ಧ ಕರುಣೆಯಿಂದ, ಅರ್ಧ ಸಿಟ್ಟಿನಿಂದ ನಾನು ನನ್ನ ಮೂರು ಪುಟಗಳನ್ನು ಮತ್ತೊಮ್ಮೆ ಓದತೊಡಗಿದೆ. ಚಹದ ಹೊತ್ತಿಗೆ ನಿಕೋಸ್ ನಮ್ಮನ್ನು ಹುಡುಕಿಕೊಂಡು ಬಂದ. ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ: ನಿನ್ನೆ ನಾನು ಮಾತು ಮರೆತಿದ್ದೆ. ಪೂರಾ ಮರೆತಿದ್ದೆ. ತಲೆಯೊಳಗೆ ಏನೂ ಇರಲಿಲ್ಲ. ಈ ಹಿರಿಯರು ಏನು ಹೇಳಿದರೋ ತಿಳಿಯಲಿಲ್ಲ, ಆದರೆ ನನ್ನ ಪಕ್ಕ ಒಬ್ಬರು ಇದ್ದಾರೆ ಅನ್ನಿಸಿತು, ಮಾತು ಬಂತು. ಇವತ್ತು ಎರಡನೆಯ ಪ್ರದರ್ಶನ, ಅದೇ ಕಡೆಯದು. ನನಗೆ ಹೆದರಿಕೆಯಾಗಿದೆ. ಇವರು ಕಂಬದ ಪಕ್ಕ ನಿಲ್ಲಬಹುದೇ?

ನನ್ನ ಮೂರು ಪುಟಗಳು ಕೈಯಲ್ಲೇ ಇದ್ದವು. ಒಳಗೆ ಇನ್ನೂ ಮೌನದ ಬಗ್ಗೆ ಮಾತು ನಡೆದಿತ್ತು. ನಾನು ನಿಕೋಸನ ಮಾತನ್ನು ಈ ಸಲ ಇದ್ದದ್ದು ಇದ್ದ ಹಾಗೆ ಬೀರಪ್ಪನವರಿಗೆ ಹೇಳಿದೆ. ಜೊತೆಗೆ ಇದನ್ನೂ ಹೇಳಿದೆ: "ಇವತ್ತ ಕಂಬದ ಪಕ್ಕ ನಿಂತ್ರಿ ಅಂದ್ರ ಮುಂದ ಕೂತು ನೋಡೂದು ತೀರಿತು. ಕಡೀ ದೃಶ್ಯ ನೀವು ನೋಡೇ ಇಲ್ಲ. ಎಲೆನಿಗೆ ನಾ ಕೈ ಮುಗಿದು ಕೇಳಿಕೋತೀನಿ, ಮತ್ತ ಮುಂದ ಕುಂದ್ರಸ್ತಾರ. ಮಾಳವ್ವಗ ಏನ್ ಹೇಳ್ತೀರಿ?"

ಬೀರಪ್ಪನವರು ಕಂಬಳಿಯ ಅಂಚು ಸವರಿದರು. ಅವರಿಗೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತಿತ್ತು.

"ಹುಡುಗ ಬಾಯಿಬಿಟ್ಟ ಕರದಾನ್ರಿ," ಅಂದರು ಕಡೆಗೆ. "ಇಲ್ಲ ಅನ್ನಾಕ ಆಗೂದಿಲ್ಲ." ಪೊಟ್ಟಣ ಬಿಚ್ಚಿ ನಿಕೋಸನ ಹಣೆಗೆ ಭಂಡಾರ ಹಚ್ಚಿದರು.

ಅದೇ ದಿನ, ಸಂಜೆ

ಕಂಬಳಿಯ ಮೇಲೆ ನಾನೊಬ್ಬಳೇ ಕುಳಿತೆ. ಕಂಬದ ಮರೆಯಲ್ಲಿ ಬಿಳಿಯ ಪಟಗಾದ ಅಂಚು ಕಾಣುತ್ತಿತ್ತು. ನಾನು ಕರಪತ್ರ ತೆರೆಯಲಿಲ್ಲ, ಪೆನ್ನು ತರಲಿಲ್ಲ.

ಕಡೆಯ ದೃಶ್ಯದಲ್ಲಿ ನಿಕೋಸ್ ಬಂದು ಹೆಣದ ಮುಂದೆ ನಿಂತ. ಹಣೆಯ ಹಳದಿ ಹಾಗೆಯೇ ಇತ್ತು. ಅವನು ಉಸಿರಾಡುತ್ತಿದ್ದ, ನೋಡಿದೆ. ಒಮ್ಮೆ ಕಂಬದತ್ತ ನೋಡಿ, ಯಾರೂ ಹೇಳಿಕೊಡದೆ ತಾನೇ ಮಾತು ಹೇಳಿದ. ಆಮೇಲೆ ಅವನು ಮಾಡಿದ್ದನ್ನು ಕಂಡು ನಾನು ಅತ್ತುಬಿಟ್ಟೆ. ಭಯ, ಕರುಣೆ ಎಂದು ವಿಂಗಡಿಸಲು ಪುರುಸೊತ್ತು ಇರಲಿಲ್ಲ. ಮೂಗು ಒರೆಸಿಕೊಳ್ಳಲು ಬೇರೇನೂ ಇರಲಿಲ್ಲವಾದ್ದರಿಂದ ಬೀರಪ್ಪನವರ ಕಂಬಳಿಯ ತುದಿಯನ್ನೇ ಬಳಸಿದೆ.

ಬೀಳಗಿ

ಊರಿಗೆ ಬಂದ ಮರುದಿನ ಅವರ ಮನೆಗೆ ಹೋದೆ. ಹೊಸ ಊರಿನ ಮನೆಗಳಿಗೆಲ್ಲ ಒಂದೇ ಮುಖ, ನಂಬರು ನೋಡಿಯೇ ಹೋಗಬೇಕು. ಮಾಳವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಬೀರಪ್ಪನವರು ಗೋಡೆಗೆ ಒರಗಿ ಕುಳಿತಿದ್ದರು, ಹೋಮ್‌ವರ್ಕ್ ಮಾಡದ ವಿದ್ಯಾರ್ಥಿಯ ಹಾಗೆ.

"ನಿನ್ನಿಯಿಂದ ಕೇಳಾಕತ್ತೇನ್ರಿ ಬಾಯಾರ," ಅಂದರು ಮಾಳವ್ವ. "ಕಡೀ ಸೀನು ಹೆಂಗಿತ್ತ ಅಂದ್ರ ಬಾಯಿನ ಬಿಡವಲ್ಲ. ಮುಂದ ಕೂತು ನೋಡಿದ್ಯೋ ಇಲ್ಲೋ?"

ಬೀರಪ್ಪನವರು ನನ್ನ ಕಡೆ ನೋಡಿದರು. "ಬಾಯಾರ ಮುಂದ ಕೂತಿದ್ರು. ಅವ್ರು ಹೇಳ್ತಾರ," ಅಂದರು.

ನಾನು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ಕುಳಿತೆ. ಹದಿನೆಂಟು ವರ್ಷ ಪಾಠ ಮಾಡಿದ್ದೆ, ನಾಟಕ ಹೇಗಿತ್ತು ಎಂದು ಯಾರಿಗೂ ಹೇಳಿರಲಿಲ್ಲ.

"ಹೂಂ, ಸುರು ಮಾಡ್ರಿ. ರಾಜಾ ಯಾವ ಬಣ್ಣದ ಅರಿವಿ ಹಾಕಿದ್ದ?"

"ಮಣ್ಣಿನ ಬಣ್ಣದ್ದು. ಕಾಲಾಗ ಚಪ್ಪಲಿ ಇರಲಿಲ್ಲ. ಹಿಂದ ಸಮುದ್ರ, ಹೊತ್ತು ಇಳೀಲಿಕತ್ತಿತ್ತು. ನಡು ಅಂಗಳದಾಗ ಮಗನ ಹೆಣ, ಮ್ಯಾಲ ಒಂದು ಬಿಳಿ ಅರಿವಿ..."

ಮಾಳವ್ವ ಶೇಂಗಾ ಬುಟ್ಟಿ ಸರಿಸಿದರು. ಬೀರಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು. ಅವರು ಕೇಳುತ್ತಿರಲಿಲ್ಲ, ನೋಡುತ್ತಿದ್ದರು.

"ರಾಜಾ ಬಂದು ನಿಂತ, ತನ್ನ ಮಾತು ಹೇಳಿದ. ಅರಿವಿ ತಗೀಲಿಲ್ಲ. ಕಂಬದ ನಡುವಿನ ಬಾಗಿಲ ಹತ್ರ ಹೋಗಿ, ಹೊರಗ ನಿಂತು, ತಾನೇ ಒಂದು ಸಲ ಬಡದ. ಒಳಗ ಯಾರೂ ಇರಲಿಲ್ಲ. ಮತ್ತೊಂದು ಸಲ ಬಡದ. ಆಮ್ಯಾಲ ತಿರುಗಿ ಬಂದು, ಮಗನ ಕಾಲ ಹತ್ರ ಕೂತು, ಮತ್ತ ಅದ ಮಾತು ಹೇಳಿದ..."

ಅಲ್ಲಿಗೆ ನನಗೆ ಮಾತು ತಪ್ಪಿತು. ಮಾತು ಗೊತ್ತಿತ್ತು, ನಾನೇ ಅನುವಾದಿಸಿದ್ದೆ. ಬಾಯಿಗೆ ಬರಲಿಲ್ಲ. ನಾನು ಉಸಿರು ಹಿಡಿದಿದ್ದೆ.

ಗೋಡೆಯ ಕಡೆಯಿಂದ, ಕಣ್ಣು ತೆರೆಯದೆಯೇ, ಬೀರಪ್ಪನವರು ಮೆಲ್ಲಗೆ ಮಾತು ಕೊಟ್ಟರು.

"ಬಾಗಲಾ ಬಡದಾಂವ..."

"ಬಾಗಲಾ ಬಡದಾಂವ ನನ್ನ ಮಗಾ ಇದ್ದ," ಅಂದೆ.

ಮಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಡನ ಕಡೆ ತಿರುಗಿ, "ಕಂಡ್ತೇನು?" ಎಂದು ಕೇಳಿದರು.

"ಕಂಡ್ತು," ಅಂದರು ಬೀರಪ್ಪಣ್ಣ.